ಒಳಗೊಂದು, ಹೊರಗೊಂದು

ನಮ್ಮ ಮಣ್ಣಗುಡ್ಡದ ಮನೆಯಲ್ಲಿ ಒಂದು ಕಾಲದಲ್ಲಿ ಯಾವ ಬಾಗಿಲನ್ನೂ ಸುಮ್ಮನೆ ತೆರೆಯುವಂತಿರಲಿಲ್ಲ. ತೆರೆಯುವ ಮೊದಲು ಕೂಗಿ ಕೇಳಬೇಕಿತ್ತು, ಯಾವುದು ಒಳಗೆ, ಯಾವುದು ಹೊರಗೆ ಎಂದು. ಆಚೆ ಕಡೆಯಿಂದ ಉತ್ತರ ಬರುವವರೆಗೆ ಕೈಯಲ್ಲಿ ಬಿಸಿ ಪಾತ್ರೆ ಇದ್ದರೂ ನಿಂತುಕೊಳ್ಳಬೇಕು. "ಟೈಗರ್ ಹೊರಗೆ" ಎಂದರೆ ಮೋತಿ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಚಿಲಕದೊಳಗಿದೆ ಎಂದರ್ಥ. "ಮೋತಿ ಹೊರಗೆ" ಎಂದರೆ ಟೈಗರ್ ಮಾವನ ಕೋಣೆಯಲ್ಲಿ ಬಾಗಿಲಿನ ಸಂದಿಗೆ ಮೂಗು ತಾಗಿಸಿ ಮಲಗಿದೆ ಎಂದರ್ಥ. ಎರಡೂ ಗಂಡು ನಾಯಿಗಳು. ಆ ವರ್ಷ ನಮ್ಮ ಮನೆಯಲ್ಲಿ ಇದಕ್ಕಿಂತ ಉದ್ದದ ಮಾತುಕತೆ ನಡೆದ ದಿನಗಳು ಕಡಿಮೆ. ನನ್ನ ತಮ್ಮ ರವಿ ಜ್ವರದಲ್ಲಿ ತೀರಿಹೋದ ನಂತರದ ವರ್ಷ ಅದು.

ಮನೆ ದೊಡ್ಡದೇನೂ ಅಲ್ಲ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಉದ್ದನೆಯ ಚಾವಡಿ. ಚಾವಡಿಯಿಂದ ಒಳಗೆ ಹೋಗಲು ಒಂದು ಇಕ್ಕಟ್ಟಾದ ಓಣಿ, ಅದರ ಕೊನೆಗೆ ಅಡುಗೆಮನೆ, ಅದರ ಹಿಂದೆ ಬಾವಿಕಟ್ಟೆ. ಚಾವಡಿ ಮಾವನದು, ಅಡುಗೆಮನೆ ಅಜ್ಜಿಯದು. ಅಮ್ಮ ಮತ್ತು ನಾನು ನಡುವಿನ ಕೋಣೆಯವರು. ಸಂಜೀವ ಮಾವ ಅಮ್ಮನ ಅಣ್ಣ, ಮನೆಯ ಯಜಮಾನ. ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆ, ಗದ್ದೆ, ಯಜಮಾನಿಕೆ ಇವೆಲ್ಲ ಅಪ್ಪನಿಂದ ಮಗನಿಗೆ ಹೋಗುವುದಿಲ್ಲ, ಮಾವನಿಂದ ತಂಗಿಯ ಮಗನಿಗೆ ಹೋಗುತ್ತವೆ. ಮಾವನ ಹೆಂಡತಿ ಮಕ್ಕಳು ಸುರತ್ಕಲ್ ಕಡೆಯ ಅವರ ತಾಯಿಮನೆಯಲ್ಲಿದ್ದರು. ಮಾವ ಹೋಗಿ ಬಂದು ಮಾಡುತ್ತಿದ್ದರು. ನನ್ನ ಅಪ್ಪ ಮುಂಬಯಿಯ ಒಂದು ಹೋಟೆಲಿನಲ್ಲಿದ್ದರು. ರವಿಯ ಉತ್ತರಕ್ರಿಯೆಗೆ ಬಂದರು, ಚಾವಡಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತರು, ಹೋದರು. ಮಾವನ ನಂತರ ಈ ಮನೆಯನ್ನು ನೋಡಿಕೊಳ್ಳಬೇಕಾದವನು ರವಿ. ಅವನಿಗೆ ಆಗ ಚಡ್ಡಿಯ ಗುಂಡಿ ಸರಿಯಾಗಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಆದರೂ ಕಾವೂರಿನ ಗದ್ದೆಗೆ ಹೋಗುವಾಗ ಮಾವ ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ಗದ್ದೆಯ ಬದುವಿನ, ಕಟ್ಟಪುಣಿಯ ಮೇಲೆ ನಿಲ್ಲಿಸಿ, ಎಲ್ಲಿಂದ ಎಲ್ಲಿಯವರೆಗೆ ನಮ್ಮದು ಎಂದು ಬೆರಳು ಮಾಡಿ ತೋರಿಸುತ್ತಿದ್ದರು.

ಟೈಗರ್ ಮಾವನ ನಾಯಿ. ಕಾವೂರಿನ ಒಕ್ಕಲಿನವರ ಮನೆಯಿಂದ ಬಂದದ್ದು. ಕಂದು ಮೈ, ಬೆನ್ನ ಮೇಲೆ ಕಪ್ಪು ಗೆರೆ. ಮೋತಿ ರವಿಯದು. ಉರ್ವದ ಮಾರ್ಕೆಟಿನಲ್ಲಿ ಮೀನಿನ ಬುಟ್ಟಿಗಳ ನಡುವೆ ಸಿಕ್ಕಿದ ಬಿಳಿ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಬಂದಿದ್ದ. ಬೇರೆ ಯಾರಾದರೂ ತಂದಿದ್ದರೆ ಮಾವ ಬೈಯುತ್ತಿದ್ದರು. ಅವನಿಗೆ ಬೈಯಲಿಲ್ಲ. ಟೈಗರ್ ಮರಿಯನ್ನು ಮೂಸಿ, ಒಮ್ಮೆ ಗುರ್ರೆಂದು, ಹೋಗಿ ಮಲಗಿತು. ಮರಿ ಅದರ ಬಾಲ ಕಚ್ಚಿ ಎಳೆದರೂ ಸುಮ್ಮನಿತ್ತು. ಮಳೆಗಾಲದಲ್ಲಿ ರವಿಗೆ ಜ್ವರ ಬಂತು, ಬಿಡಲಿಲ್ಲ. ಅದರ ನಂತರ ಮನೆಯಲ್ಲಿ ಯಾರೂ ಅವನ ಹೆಸರು ಹೇಳಲಿಲ್ಲ. ಹೇಳಬಾರದು ಎಂದು ಯಾರೂ ಹೇಳಿರಲಿಲ್ಲ. ಅಜ್ಜಿ ಮಾತಿನ ನಡುವೆ ಆ ಜಾಗ ಬಂದಾಗ ನಿಲ್ಲಿಸಿ, ಬೇರೆ ದಾರಿಯಿಂದ ಮುಂದೆ ಹೋಗುತ್ತಿದ್ದರು. ಅಮ್ಮ ಅತ್ತದ್ದನ್ನು ನಾನು ನೋಡಲಿಲ್ಲ. ಅಮ್ಮ ಗಂಜಿ ಬಸಿಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ನನ್ನ ತಲೆ ಬಾಚುತ್ತಿದ್ದರು. ಬಾಚಣಿಗೆ ಸಿಕ್ಕಿಕೊಂಡು ನನಗೆ ನೋವಾಗಿ ಕೂಗಿದರೂ ಅವರ ಕೈ ಅದೇ ವೇಗದಲ್ಲಿ ಕೆಳಗೆ ಹೋಗುತ್ತಿತ್ತು.

ಮೋತಿ ಮಾತ್ರ ಬೆಳೆಯಿತು. ಹೆಣ್ಣು ನಾಯಿಯ ಹಾಗೆ ಕುಕ್ಕರುಗಾಲಿನಲ್ಲಿ ಕೂತು ಉಚ್ಚೆ ಹೊಯ್ಯುತ್ತಿದ್ದದ್ದು ಒಂದು ಬೆಳಿಗ್ಗೆ ಕಾಲೆತ್ತಿತು. ಅಂಗಳದ ತೆಂಗಿನಮರವಲ್ಲ, ನೇರ ಚಾವಡಿಯ ಕಂಬ. ಟೈಗರ್ ಯಾವಾಗಲೂ ಬೆನ್ನು ತಾಗಿಸಿ ಮಲಗುವ ಕಂಬ. ಟೈಗರ್ ಎದ್ದು ಬಂದು ಮೂಸಿ ಅದೇ ಜಾಗಕ್ಕೆ ತಾನೂ ಕಾಲೆತ್ತಿತು. ಅಲ್ಲಿಯವರೆಗೆ ಟೈಗರ್ ಮನೆಯೊಳಗೆ ಒಂದು ಹನಿ ಬೀಳಿಸಿದ್ದಿಲ್ಲ. ಮರುದಿನದಿಂದ ಅಕ್ಕಿಯ ಪೆಟ್ಟಿಗೆ, ಒರಳಿನ ಬುಡ, ಅಮ್ಮನ ಮಂಚದ ಕಾಲು, ಹೀಗೆ ಒಂದರ ಮೇಲೊಂದು ಶುರುವಾಯಿತು. ಅಜ್ಜಿ ದಿನವೂ ಹುಣಿಸೆಹುಳಿ ಕದಡಿದ ನೀರಿನಲ್ಲಿ ಒರೆಸುತ್ತಿದ್ದರು. ವಾಸನೆ ಹೋಗದಿದ್ದರೆ ಅಲ್ಲೇ ಮತ್ತೆ ಹೊಯ್ಯುತ್ತವೆ ಎಂದು ಅವರಿಗೆ ತಿಳಿದಿತ್ತು. ಮೋತಿ ತಲೆದಿಂಬನ್ನು ಅಪ್ಪಿಕೊಂಡು ಸೊಂಟ ಆಡಿಸುತ್ತಿತ್ತು. ಒಮ್ಮೆ ಕಾವೂರಿನಿಂದ ದೂರದ ಸಂಬಂಧದ ದೊಡ್ಡಮ್ಮ ಒಬ್ಬರು ಅಮ್ಮನನ್ನು ಸಮಾಧಾನ ಮಾಡಲು ಬಂದಿದ್ದರು. ಸೆರಗಿನಿಂದ ಕಣ್ಣೊರೆಸುತ್ತ, ದೇವರು ಕೊಟ್ಟ, ದೇವರು ಕೊಂಡುಹೋದ ಎಂದು ಅವರು ಹೇಳುತ್ತಿರುವಾಗ ಮೋತಿ ಹಿಂದಿನಿಂದ ಬಂದು ಅವರ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ದೊಡ್ಡಮ್ಮ ಕಿರುಚಿದರು. ಅಜ್ಜಿ ಎಳೆದು ಬಿಡಿಸಿದರು. ಅಮ್ಮ ಅದನ್ನು ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ. ತಮ್ಮನಿದ್ದಿದ್ದರೆ ನೆಲದ ಮೇಲೆ ಬಿದ್ದು ನಗುತ್ತಿದ್ದ ಎಂದು ನನಗೆ ತೋಚಿತು. ನನಗೂ ನಗು ಬರಲಿಲ್ಲ. ನಗು ಎಲ್ಲಿಂದ ಬರುತ್ತಿತ್ತೋ ಆ ಜಾಗ ಮರಗಟ್ಟಿದ ಹಾಗಿತ್ತು.

ಮೊದಲ ದೊಡ್ಡ ಜಗಳ ನಡೆದದ್ದು ಆ ಇಕ್ಕಟ್ಟಿನ ಓಣಿಯಲ್ಲಿ. ಅಜ್ಜಿ ಹಿಂದಿನ ಮೆಟ್ಟಿಲಲ್ಲಿ ಕೂತು ಬೂತಾಯಿ ಮೀನು ಕೊಯ್ಯುತ್ತಿದ್ದರು. ವಾಸನೆಗೆ ಟೈಗರ್ ಚಾವಡಿಯಿಂದ ಎದ್ದು ಬಂತು. ಮೋತಿ ಅಡುಗೆಮನೆಯಿಂದ ಈಚೆ ಬರುತ್ತಿತ್ತು. ಎರಡೂ ಓಣಿಯ ನಡುವೆ ನಿಂತವು. ಹಿಂದೆ ಹೋಗಲು ಒಂದಕ್ಕೂ ಮನಸ್ಸಿರಲಿಲ್ಲ, ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಗುರುಗುಟ್ಟಲೂ ಇಲ್ಲ. ಒಂದು ಕ್ಷಣ ಎರಡೂ ಅಲ್ಲಾಡದೆ ನಿಂತದ್ದು ಮಾತ್ರ ನನಗೆ ನೆನಪಿದೆ. ಆಮೇಲೆ ಒಂದೇ ಮುದ್ದೆಯಾಗಿ ಗೋಡೆಗೆ ಬಡಿದವು. ಅಮ್ಮ ಕೋಣೆಯಿಂದ ಬಂದು, ಬಟ್ಟೆಯ ಗಂಟನ್ನು ಬಿಡಿಸುವವರ ಹಾಗೆ, ಎರಡು ಬಾಯಿಗಳ ನಡುವೆ ಕೈ ಹಾಕಿದರು.

ಅಜ್ಜಿ ಮೀನು ತೊಳೆದ ನೀರಿನ ಪಾತ್ರೆಯನ್ನು ಎರಡರ ಮೇಲೂ ಎಸೆದ ಮೇಲೆ ಅವು ಬಿಟ್ಟವು. ಅಮ್ಮನ ಅಂಗೈಯ ಬುಡ ಸೀಳಿತ್ತು. ಮಾವ ಹೊರಗಿನಿಂದ ಓಡಿ ಬಂದರು. ಅಮ್ಮ ಆ ಕೈಯನ್ನು ಎದುರಿಗೆ ಹಿಡಿದುಕೊಂಡು, ಪಕ್ಕದ ಮನೆಯವರದ್ದು ಯಾವುದೋ ವಸ್ತು ತನ್ನ ಕೈಗೆ ಬಂದಿದೆ ಎಂಬಂತೆ ನೋಡುತ್ತಿದ್ದರು. ಯಾವ ನಾಯಿ ಕಚ್ಚಿತೆಂದು ಇವತ್ತಿಗೂ ಗೊತ್ತಿಲ್ಲ.

"ನೋವಾಗುದಿಲ್ವಾ ನಿನಗೆ?" ಎಂದು ಮಾವ ಕೂಗಿದರು. "ಲೀಲಾ, ನೋವಾಗುದಿಲ್ವಾ?"

"ಗೊತ್ತಾಗುದಿಲ್ಲ," ಎಂದರು ಅಮ್ಮ.

ಮಾವ ಅಮ್ಮನ ಸೆರಗನ್ನೇ ಕೈಗೆ ಸುತ್ತಿ, ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿ, ಹೊಲಿಸಿಕೊಂಡು ಬಂದರು. ಬಂದವರೇ ಅಂಗಳದಲ್ಲಿ ನಿಂತು ಹೇಳಿದರು:

"ನಾಳೆ ಬೆಳಿಗ್ಗೆ ಈ ಬಿಳಿಯದನ್ನು ಕಾವೂರಿನಲ್ಲಿ ಬಿಟ್ಟು ಬರ್ತೇನೆ. ಒಕ್ಕಲಿನವರು ಸಾಕ್ಲಿ. ನನಗೆ ಅದು ಕಣ್ಣೆದುರು ಬೇಡ."

"ಅದು ಹೋದ್ರೆ ನಾನೂ ಹೋಗ್ತೇನೆ," ಎಂದರು ಅಮ್ಮ. ಎಷ್ಟೋ ತಿಂಗಳ ನಂತರ ಅವರ ಬಾಯಿಂದ ಬಂದ ಪೂರ್ತಿ ಮಾತು ಅದು. ಸ್ವರ ಏರಿರಲಿಲ್ಲ.

"ಎಲ್ಲಿಗೆ ಹೋಗ್ತಿ?"

"ಅದು ಹೋದಲ್ಲಿಗೆ."

ಮಾವ ಅಜ್ಜಿಯ ಮುಖ ನೋಡಿದರು. ಅಜ್ಜಿ ಮೀನಿನ ಪಾತ್ರೆಯನ್ನು ಉಜ್ಜುತ್ತಿದ್ದವರು ತಲೆಯೆತ್ತಲಿಲ್ಲ.

"ಯಾವುದೂ ಹೋಗುದು ಬೇಡ," ಎಂದರು. "ಈ ಮನೆಯಿಂದ ಇನ್ನು ಯಾರೂ ಹೋಗುದು ಬೇಡ. ದನದ ಡಾಕ್ಟರನ್ನು ಕರ್ಕೊಂಡು ಬಾ ಸಂಜೀವ. ಹುಚ್ಚು ಗಿಚ್ಚು ಉಂಟಾ ಅಂತ ನೋಡ್ಲಿ."

ದನದ ಡಾಕ್ಟರು ಘಟ್ಟದ ಮೇಲಿನವರು, ಪೇಟೆಯ ಸರಕಾರಿ ದನದ ಆಸ್ಪತ್ರೆಗೆ ವರ್ಗವಾಗಿ ಬಂದಿದ್ದರು. ಚಾವಡಿಯಲ್ಲಿ ಕೂತು ಕಾಫಿ ಕುಡಿದರು. ಹುಚ್ಚಿನ ಲಕ್ಷಣ ಏನೂ ಕಾಣುವುದಿಲ್ಲ, ಆದರೂ ಎರಡನ್ನೂ ಬೇರೆ ಬೇರೆ ಕಟ್ಟಿಹಾಕಿ ಸ್ವಲ್ಪ ದಿನ ನೋಡಿ, ಆಹಾರ ನೀರು ಬಿಟ್ಟರೆ ಕೂಡಲೇ ಹೇಳಿ ಕಳುಹಿಸಿ ಎಂದರು. ಆಮೇಲೆ ಜಗಳ ಎಲ್ಲೆಲ್ಲಿ ನಡೆಯುತ್ತದೆ ಎಂದು ಕೇಳಿದರು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಅವರ್ಯಾರೂ ಗಮನಿಸಿರಲಿಲ್ಲ. ಗಮನಿಸುವ ಶಕ್ತಿ ಆಗ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಬಾಗಿಲಲ್ಲಿ," ಎಂದೆ ನಾನು. "ಮತ್ತೆ ಮೀನು ಕೊಯ್ಯುವಲ್ಲಿ. ಮತ್ತೆ ಮಾವ ಕಾವೂರಿನಿಂದ ಬರುವಾಗ. ಯಾವುದನ್ನು ಮೊದಲು ಮುಟ್ಟಿದ್ರೂ ಇನ್ನೊಂದಕ್ಕೆ ಸಿಟ್ಟು."

ಡಾಕ್ಟರು ನನ್ನ ಕಡೆ ತಿರುಗಿ ಕೂತರು. ರವಿ ಹೋದ ಮೇಲೆ ಹೊರಗಿನಿಂದ ಬಂದವರೆಲ್ಲ ನನ್ನ ತಲೆ ಸವರಿ ಮುಂದೆ ಹೋಗುತ್ತಿದ್ದರು. ಇವರು ಮಾತ್ರ ಕಾದರು.

"ಜಗಳಕ್ಕೆ ಮುಂಚೆ ಏನಾಗುತ್ತಮ್ಮಾ? ಬೊಗಳ್ತಾವಾ?"

"ಇಲ್ಲ. ಸುಮ್ಮನಾಗ್ತವೆ. ಬಾಲ ಕೋಲಿನ ಹಾಗೆ ಮೇಲೆ. ಬೆನ್ನಿನ ಕೂದಲು ನಿಲ್ತದೆ."

"ಹಾಗಾದ್ರೆ ನಿನ್ನ ಕೈಲಿ ಆಗುತ್ತೆ," ಎಂದರು. ಏನು ಆಗುತ್ತದೆ ಎಂದು ಹೇಳಲಿಲ್ಲ. ಮಾವನ ಕಡೆ ನೋಡಿ, ಎರಡಕ್ಕೂ ಬೀಜ ತೆಗೆಸುವುದು ಒಳ್ಳೆಯದು ಎಂದರು. ನಾಯಿಗೆ ಮಾಡಿಸಲು ಯಾರೂ ಬರುವುದಿಲ್ಲ, ಹೋರಿಗಳಿಗೇ ದಿನ ಸಾಲದು; ಆದರೆ ಮಾಡಬಹುದು ಎಂದರು.

"ಟೈಗರ್‌ಗೆ ಬೇಡ," ಎಂದರು ಮಾವ. "ಗಂಡು ನಾಯಿ ಗಂಡು ನಾಯಿಯಾಗಿ ಇರ್ಲಿ. ಮನೆ ಕಾಯುದು ಅದೇ ಅಲ್ವಾ?"

"ಮನೆ ಕಾಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಸ್ವಾಮಿ. ಬೊಗಳೋ ನಾಯಿ ಆಮೇಲೂ ಬೊಗಳುತ್ತೆ. ಒಂದಕ್ಕೇ ಮಾಡಿಸ್ತೀರಿ ಅಂದ್ರೆ ಚಿಕ್ಕದಕ್ಕೆ ಮಾಡಿಸಿ. ದೊಡ್ಡದು ದೊಡ್ಡದಾಗೇ ಇರ್ಲಿ. ಆದ್ರೆ ಮಾರನೇ ದಿನವೇ ಎಲ್ಲ ಸರಿಹೋಗುತ್ತೆ ಅಂತ ಕಾಯಬೇಡಿ. ಮೈಯಲ್ಲಿರೋ ಕಾವು ಇಳಿಯೋಕೆ ವಾರಗಟ್ಟಲೆ ಬೇಕು. ಆಸೆ ಕಮ್ಮಿಯಾಗುತ್ತೆ. ಕಲಿತ ಅಭ್ಯಾಸ ಅಷ್ಟು ಬೇಗ ಹೋಗಲ್ಲ."

ಅಜ್ಜಿ ಅಮ್ಮನನ್ನು ಕರೆದರು. "ನೀನೇ ಹೇಳು ಲೀಲಾ. ಅದು..." ಎಂದು ನಿಲ್ಲಿಸಿದರು. "ಅದು ನಿನ್ನದು."

ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದಿದ್ದರು.

"ಮಾಡಿಸಿ," ಎಂದರು.

ಮೋತಿಯನ್ನು ಕೊಂಡುಹೋದದ್ದು ಅಬ್ಬು ಬ್ಯಾರಿಯವರ ಎತ್ತಿನ ಗಾಡಿಯಲ್ಲಿ. ಅವರಿಗೆ ಅಳಕೆಯಲ್ಲಿ ಕಟ್ಟಿಗೆಯ ಡಿಪೋ ಇತ್ತು. ನಮ್ಮ ಮನೆಗೆ ಸೌದೆ ಬರುತ್ತಿದ್ದದ್ದು ಅಲ್ಲಿಂದ. ನಾಯಿಯ ಜೊಲ್ಲು ತಾಗಿದರೆ ಮುಸಲ್ಮಾನರಾದ ಅವರಲ್ಲಿ ಮಣ್ಣು ಹಾಕಿ ಮತ್ತೆ ಮತ್ತೆ ತೊಳೆದು ಶುದ್ಧ ಮಾಡಬೇಕು. ಅದು ಗೊತ್ತಿದ್ದು ಅಜ್ಜಿ ಕೇಳಲು ಹಿಂಜರಿದರು. ಅವರು ಗಾಡಿಯ ಹಲಗೆಯ ಮೇಲೆ ತಾವೇ ಗೋಣಿ ಹಾಸಿ, "ತೊಳೆದ್ರೆ ಆಯ್ತಲ್ಲಾ ಅಮ್ಮ. ಮಗುವಿನ ನಾಯಿ," ಎಂದರು. ದಾರಿಯುದ್ದಕ್ಕೂ ಅಮ್ಮ ಮೋತಿಯ ಹಗ್ಗ ಹಿಡಿದುಕೊಂಡು ಎತ್ತುಗಳ ಬೆನ್ನನ್ನೇ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ನಮ್ಮನ್ನು ಹೊರಗೆ ಮರದ ಕೆಳಗೆ ಕೂರಿಸಿದರು. ಅಲ್ಲಿ ಹಾಲು ಬತ್ತಿದ ಒಂದು ಎಮ್ಮೆ, ಕೊಂಬು ಮುರಿದ ಒಂದು ಆಡು, ಅವುಗಳ ಜನ. ಒಳಗಿನಿಂದ ಮೋತಿಯ ಒಂದು ಕೂಗು ಬಂತು, ಮತ್ತೆ ಬರಲಿಲ್ಲ.

"ಕೇಳಿದ್ರೆ ಒಪ್ತಿರ್ಲಿಲ್ಲ," ಎಂದರು ಅಮ್ಮ, ನನಗೆ ಹೇಳಿದ ಹಾಗೆ ಅಲ್ಲ.

ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ.

ಮದ್ದಿನ ಅಮಲಿನಲ್ಲಿ ಮೋತಿಯ ನಾಲಗೆ ಹೊರಗೆ ಜೋತುಬಿದ್ದಿತ್ತು. ಮನೆಗೆ ಬಂದ ಮೇಲೆ ಅದು ಅಮ್ಮನ ಹಳೇ ಸೀರೆಯ ಮೇಲೆ ಮಲಗಿತು. ಎಚ್ಚರವಾದ ಕೂಡಲೇ ಹೊಲಿಗೆ ನೆಕ್ಕಲು ತಿರುಗಿತು. ಅಜ್ಜಿ ಒಂದು ಅಗಲದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಬಗ್ಗಿಸಿ, ಅದರ ಕುತ್ತಿಗೆಯ ಸುತ್ತ ತುತ್ತೂರಿಯ ಬಾಯಿಯ ಹಾಗೆ ಕಟ್ಟಿದರು. ಮೋತಿ ಆ ಹಾಳೆಯನ್ನು ಗೋಡೆಗೆ, ಬಾಗಿಲಿಗೆ, ನಮ್ಮ ಮೊಣಕಾಲಿಗೆ ಬಡಿಯುತ್ತ ತಿರುಗಾಡಿತು. ಅಮ್ಮ ಅದಕ್ಕೆ ಗಂಜಿಯನ್ನು ಕೈಯಿಂದ ತಿನ್ನಿಸಿದರು. ಎಡಗೈಯಿಂದ, ಏಕೆಂದರೆ ಬಲಗೈಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಇಬ್ಬರೂ ಒಂದೇ ಸಮಯದಲ್ಲಿ ಗುಣವಾದರು.

ಡಾಕ್ಟರು ಹೇಳಿದ ಹಾಗೆಯೇ ಆಯಿತು. ಮೊದಲ ವಾರಗಳಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಮೋತಿ ದಿಂಬಿನ ಗೋಜಿಗೆ ಹೋಗುವುದು ಬಿಟ್ಟಿತು. ಗೇಟಿನ ಹತ್ತಿರ ಹೋಗಿ ಗಾಳಿ ಮೂಸುತ್ತ ನಡುಗುವುದು ಬಿಟ್ಟಿತು. ಹೊಟ್ಟೆ ಬಂತು, ಅಜ್ಜಿ ಅದರ ಅನ್ನ ಕಡಿಮೆ ಮಾಡಿದರು. ಚಾವಡಿಯ ಕಂಬಕ್ಕೆ ಕಾಲೆತ್ತುವುದನ್ನು ಮಾತ್ರ ಬಿಡಲಿಲ್ಲ. ಬದಲಾಗದ್ದು ಟೈಗರ್. ಅದು ಮೋತಿಯನ್ನು ಹೊಸದಾಗಿ ನೋಡಿದಂತೆ ಮೂಸುತ್ತಿತ್ತು, ಬೆನ್ನಿನ ಮೇಲೆ ಹತ್ತಲು ಹೋಗುತ್ತಿತ್ತು. ಮೋತಿ ಹಲ್ಲು ತೋರಿಸುತ್ತಿತ್ತು. ಹಾಗಾಗಿ ಬಾಗಿಲುಗಳ ಕ್ರಮ ಮುಂದುವರಿಯಿತು, ಅದರ ಉಸ್ತುವಾರಿ ನನಗೆ ಬಂತು. ಯಾರೂ ವಹಿಸಿಕೊಡಲಿಲ್ಲ. ಯಾವುದು ಒಳಗೆ ಎಂದು ಕೂಗಿದಾಗ ಉತ್ತರ ಗೊತ್ತಿದ್ದವಳು ನಾನೊಬ್ಬಳೇ.

ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಟೈಗರ್‌ನ ತಟ್ಟೆ ಚಾವಡಿಯ ಮೆಟ್ಟಿಲಿನ ಕೆಳಗೆ, ಮೋತಿಯದು ಬಾವಿಕಟ್ಟೆಯಲ್ಲಿ. ಮೊದಲು ಟೈಗರ್‌ಗೆ, ಆಮೇಲೆ ಮೋತಿಗೆ. ತಿಂದಾದ ಕೂಡಲೇ ತಟ್ಟೆ ಎತ್ತಬೇಕು, ಖಾಲಿ ತಟ್ಟೆಗೂ ಜಗಳ ಆಗುತ್ತದೆ. ಮೂಳೆ ಕೊಡಬಾರದು. ಓಣಿಯಲ್ಲಿ ಎರಡನ್ನೂ ಬಿಡಬಾರದು. ಸಂಜೆ ಮಾವ ಬರುವ ಹೊತ್ತಿಗೆ ಮೋತಿ ಹಿಂದಿನ ಕೋಣೆಯಲ್ಲಿರಬೇಕು. ಅವು ಒಂದನ್ನೊಂದು ನೋಡುತ್ತ ಗಟ್ಟಿಯಾದಾಗ ಕಿರುಚಬಾರದು, ಹೊಡೆಯಬಾರದು. ತಣ್ಣಗೆ ಬೇರೆ ಯಾವುದಾದರೂ ಕೆಲಸ ಇದ್ದ ಹಾಗೆ ನಡುವೆ ನಡೆದುಹೋಗಬೇಕು. ಕೈಯಲ್ಲಿ ಒಂದು ಗೋಣಿ ಇರಬೇಕು, ಅವುಗಳ ಕಣ್ಣಿಗೆ ಅಡ್ಡ ಹಿಡಿಯಲು. ಕೈಯನ್ನು ಎಂದಿಗೂ ಕೊಡಬಾರದು. ನನಗೆ ಹೆದರಿಕೆ ಆಗುತ್ತಿರಲಿಲ್ಲ. ಧೈರ್ಯ ಎಂದು ಅಜ್ಜಿ ಅಂದುಕೊಂಡರು. ಧೈರ್ಯ ಅಲ್ಲ ಅದು. ಏನೂ ಆಗುತ್ತಿರಲಿಲ್ಲ, ಅಷ್ಟೆ. ಮುಂದೆ ಗಂಡನ ಮನೆಯಲ್ಲಿ, ಕೆಲಸ ಮಾಡಿದ ಶಾಲೆಯ ಟೀಚರುಗಳ ಕೋಣೆಯಲ್ಲಿ, ಮಾತು ಜಗಳವಾಗುವ ಮೊದಲಿನ ಆ ಒಂದು ಕ್ಷಣದ ಮೌನ ನನಗೆ ಎಲ್ಲರಿಗಿಂತ ಮೊದಲು ಕೇಳುತ್ತಿತ್ತು. ಎದ್ದು ನಡುವಿನಿಂದ ಲೋಟ ತೆಗೆದುಕೊಂಡು ಹೋಗುತ್ತಿದ್ದೆ. ಜನ ನನ್ನನ್ನು ಶಾಂತ ಸ್ವಭಾವದವಳು ಎಂದರು.

ಮಳೆ ಹಿಂದೆಗೆಯುವ ಹೊತ್ತಿಗೆ ಊರಿನ ಹೆಣ್ಣು ನಾಯಿಗಳು ಬೆದೆಗೆ ಬಂದವು. ಟೈಗರ್ ಊಟ ಬಿಟ್ಟಿತು. ದಿನವಿಡೀ ಒಂದೇ ರಾಗದಲ್ಲಿ ಮುಲುಗುತ್ತಿತ್ತು. ಸಂಕೋಲೆ ಹಾಕಿದರೆ ಕುತ್ತಿಗೆಯ ಚರ್ಮ ಕಿತ್ತುಹೋಗುವ ಹಾಗೆ ಎಳೆಯುತ್ತಿತ್ತು. ಒಂದು ಬೆಳಿಗ್ಗೆ ಮಾವ ಕನಿಕರದಿಂದ ಸಂಕೋಲೆ ಬಿಚ್ಚಿದರು. ಅದು ಕಂಪೌಂಡು ಹಾರಿ ಹೋಯಿತು. ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಮಾವ ಕಾವೂರಿಗೆ ಹೋಗುವುದನ್ನು ಬಿಟ್ಟು ಹುಡುಕಲು ಹೊರಟರು. ಉರ್ವ, ಕುದ್ರೋಳಿ, ಬೊಕ್ಕಪಟ್ಣದ ಹೊಳೆಬದಿ. ನಾನು ಮೋತಿಯನ್ನು ಬಿಟ್ಟೆ. ಎಷ್ಟೋ ತಿಂಗಳ ನಂತರ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆದಿದ್ದವು. ಆದರೂ ಅಜ್ಜಿ ಅಭ್ಯಾಸದಿಂದ ಓಣಿಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಾವ ಬಂದರು. ಟೈಗರನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ಬಿಳಿ ಅಂಗಿಯ ಎದೆ ಪೂರ್ತಿ ಕೆಂಪು, ಮುಂಡು ಕೆಸರು. ಟೈಗರ್‌ನ ಒಂದು ಕಿವಿ ಅರ್ಧ ಇರಲಿಲ್ಲ. ಹಿಂದಿನ ತೊಡೆಯ ಮಾಂಸ ತೆರೆದುಕೊಂಡಿತ್ತು. ಬೊಕ್ಕಪಟ್ಣದಲ್ಲಿ ದೋಣಿಗಳ ಮರೆಯಲ್ಲಿ ಬಿದ್ದಿತ್ತಂತೆ, ಸುತ್ತ ಊರಿನ ಗಂಡು ನಾಯಿಗಳು. ಮಾವ ಅದನ್ನು ಚಾವಡಿಯಲ್ಲಿ ಮಲಗಿಸಿದರು. ಆಗ ಮೋತಿ ಓಣಿಯಿಂದ ಹೊರಗೆ ಬಂತು.

ನಾನು ಗೋಣಿ ಎತ್ತಿಕೊಂಡು ನಡುವೆ ಹೋದೆ. ಮೋತಿ ನನ್ನನ್ನು ಸುತ್ತಿ ಬಂದು ಟೈಗರ್‌ನ ಗಾಯ ಮೂಸಿತು. ಟೈಗರ್ ಕಣ್ಣು ಮಾತ್ರ ಹೊರಳಿಸಿತು. ಮೋತಿಯ ಬಾಲ ಏಳಲಿಲ್ಲ. ಅದು ಹಿಂದೆ ಸರಿದು, ಚಾವಡಿಯ ಆ ತುದಿಗೆ ಹೋಗಿ, ಬೆನ್ನು ಹಾಕಿ ಮಲಗಿತು. ಅಷ್ಟೇ ಆದದ್ದು.

ಅಜ್ಜಿ ಅರಸಿನ ಬೆರೆಸಿದ ಬಿಸಿನೀರು ತಂದರು. ಅಮ್ಮ ಹಳೇ ಬಟ್ಟೆ ಹರಿದು ಕೊಟ್ಟರು. ಮಾವ ಗಾಯ ಒರೆಸುತ್ತ ಒರೆಸುತ್ತ ನಿಲ್ಲಿಸಿದರು. ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು:

"ನಿನ್ನೆಯಿಂದ ಕೂಗ್ತಾ ಇದ್ದೇನೆ ಲೀಲಾ, ಊರಿಡೀ. ಹೊಳೆಬದಿಯಲ್ಲಿ ಒಬ್ಬ ಬಂದು ಕೇಳಿದ, ರವಿ ಅಂದ್ರೆ ಯಾರು, ನಿಮ್ಮ ಮಗನಾ ಅಂತ. ನನಗೆ ಗೊತ್ತೇ ಇಲ್ಲ ಮಾರಾಯ್ತಿ. ನಾನು ಟೈಗರ್ ಅಂತ ಕೂಗ್ತಾ ಇದ್ದೇನೆ ಅಂತಲೇ ಇದ್ದೆ. ಬಾಯಲ್ಲಿ ಬರ್ತಾ ಇದ್ದದ್ದು ರವೀ ಅಂತ."

ಹೆಸರು ಚಾವಡಿಯಲ್ಲಿ ಬಿತ್ತು. ಅಜ್ಜಿ ನೀರಿನ ಪಾತ್ರೆಯನ್ನು ಕೆಳಗಿಟ್ಟರು.

"ಆ ಬಿಳಿಯದನ್ನು ನೋಡ್ಲಿಕ್ಕೆ ಆಗುದಿಲ್ಲ ನನಗೆ," ಎಂದರು ಮಾವ. "ಅದಕ್ಕೆ ಕಾವೂರಿಗೆ ಬಿಡ್ತೇನೆ ಅಂದದ್ದು. ಅದರ ಮೇಲೆ ಸಿಟ್ಟಿಲ್ಲ. ಅದು ಗೇಟಿನ ಹತ್ತಿರ ಕೂತ್ಕೊಂಡಿದ್ರೆ, ಹಿಂದಿನಿಂದ ಅವನು ಬರ್ತಾನೆ ಅಂತ ಕಾಣ್ತದೆ."

"ನನಗೂ ಕಾಣ್ತದೆ ಅಣ್ಣ," ಎಂದರು ಅಮ್ಮ. "ಅದಕ್ಕೇ ಇಟ್ಕೊಂಡದ್ದು."

ಅಮ್ಮ ಮಾವನ ಕೈಯಿಂದ ಬಟ್ಟೆ ತೆಗೆದುಕೊಂಡು ಟೈಗರ್‌ನ ತೊಡೆಯನ್ನು ಒರೆಸತೊಡಗಿದರು. ಮಾವ ಪಕ್ಕದಲ್ಲಿ ಕೂತರು. ಇಬ್ಬರೂ ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ, "ಉಂಡಿಲ್ಲ ಅಲ್ವಾ ನೀವು?" ಎಂದು ಕೇಳಿ ಒಳಗೆ ಹೋಗಿ ಗಂಜಿಯನ್ನೂ ಒಣಮೀನಿನ ಚಟ್ನಿಯನ್ನೂ ತಂದಿಟ್ಟರು. ಮಾವ ಉಂಡರು.

ಗಾಯ ಮಾಯಲು ತುಂಬಾ ಕಾಲ ಹಿಡಿಯಿತು. ದನದ ಡಾಕ್ಟರು ತೊಡೆಗೆ ಹಾಕಿದ್ದ ಹೊಲಿಗೆ ಬಿಚ್ಚಿಸಲು ಹೋದಾಗ ಮಾವ ತಾವಾಗಿಯೇ ಅವರಿಗೆ ಹೇಳಿ ಟೈಗರ್‌ಗೂ ಬೀಜ ತೆಗೆಸಿದರು. ಗಂಡು ನಾಯಿಯ ಮಾತು ಮತ್ತೆ ಎತ್ತಲಿಲ್ಲ. ವಯಸ್ಸಾದ ನಾಯಿ, ಹೆಚ್ಚು ಬದಲಾವಣೆ ಕೇಳಬೇಡಿ ಎಂದಿದ್ದರು ಡಾಕ್ಟರು. ಅದು ಕಂಪೌಂಡು ಹಾರುವುದು ನಿಂತಿತು. ಕುಂಟುಗಾಲಿನಿಂದಲೋ ಇದರಿಂದಲೋ ಗೊತ್ತಿಲ್ಲ. ಎರಡೂ ಸ್ನೇಹಿತರಾದವು ಎಂದು ಬರೆದರೆ ಸುಳ್ಳಾಗುತ್ತದೆ. ಅಂಗಳದಲ್ಲಿ ದೂರ ದೂರ ಬಿಸಿಲಿಗೆ ಮಲಗುವಷ್ಟು ಆಯಿತು. ಓಣಿಯಲ್ಲಿ, ತಟ್ಟೆಯ ಹತ್ತಿರ, ಮಾವ ಬರುವ ಹೊತ್ತಿನಲ್ಲಿ, ಕಲಿತದ್ದು ಕಲಿತ ಹಾಗೆಯೇ ಉಳಿಯಿತು. ಒಂದು ಒಳಗೆ, ಒಂದು ಹೊರಗೆ. ನಾನು ಹೈಸ್ಕೂಲಿಗೆ ಹೋಗುವವರೆಗೂ ಚಿಲಕಗಳು ನನ್ನ ಕೈಯಲ್ಲೇ ಇದ್ದವು. ಮನೆಯಲ್ಲಿ ಮಾತು ನಿಧಾನವಾಗಿ ಮರಳಿತು. ರವಿ ಹೀಗೆ ಮಾಡುತ್ತಿದ್ದ, ರವಿಗೆ ಇದು ಸೇರುತ್ತಿರಲಿಲ್ಲ ಎಂದು ಅಜ್ಜಿ ಅಡುಗೆ ಮಾಡುತ್ತ ಹೇಳುವಷ್ಟು. ಒಮ್ಮೆ ಮಾವ ನನ್ನನ್ನು ಕಾವೂರಿಗೆ ಕರೆದುಕೊಂಡು ಹೋಗಿ ಕಟ್ಟಪುಣಿಯ ಮೇಲೆ ನಿಲ್ಲಿಸಿದರು. ಬೆರಳು ಮಾಡಲಿಲ್ಲ. ಸ್ವಲ್ಪ ಹೊತ್ತು ನಿಂತು ವಾಪಸು ಬಂದೆವು.

ಒಂದು ರಜೆಯ ದಿನದ ಮಧ್ಯಾಹ್ನ. ಮೋತಿ ಹೊರಗಿರುವ ಸರದಿ. ಟೈಗರ್ ಮಾವನ ಕೋಣೆಯಲ್ಲಿ. ಮಾವ ಊಟ ಮಾಡಿ ಚಾವಡಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದರು. ಅಲ್ಲಿಯವರೆಗೆ ಅವರು ಮೋತಿಯನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಸರದಿ ಬದಲಿಸುವ ಹೊತ್ತಾಗಿತ್ತು, ನಾನು ಸಂಕೋಲೆ ಹಿಡಿದುಕೊಂಡು ಬಂದೆ. ಮೋತಿ ಅಂಗಳದಿಂದ ಮೆಟ್ಟಿಲು ಹತ್ತಿ ಬಂದು, ಮಾವನ ಪಾದ ಮೂಸಿ, ಅದರ ಮೇಲೆ ಗದ್ದವಿಟ್ಟು ಮಲಗಿತು. ಮಾವನಿಗೆ ಎಚ್ಚರವಿತ್ತು, ರೆಪ್ಪೆ ಅಲ್ಲಾಡಿದ್ದು ಕಂಡಿತು. ಕಾಲು ಎಳೆದುಕೊಳ್ಳಲಿಲ್ಲ. ಕುರ್ಚಿಯ ತೋಳಿನ ಮೇಲಿದ್ದ ಬೆರಳುಗಳು ಒಮ್ಮೆ ಬಿಚ್ಚಿ ಮಡಚಿಕೊಂಡವು. ನನ್ನ ಹಿಂದೆ ಟೈಗರ್ ಒಳಗಿನಿಂದ ಬಾಗಿಲು ಕೆರೆಯತೊಡಗಿತು, ತನ್ನ ಸರದಿ ಬಂದದ್ದು ಅದಕ್ಕೂ ಗೊತ್ತು. ನಾನು ಸಂಕೋಲೆ ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡು, ಬಾಗಿಲಿಗೆ ಬೆನ್ನು ಒತ್ತಿ ನಿಂತೆ.